ಬಾಣಂತನವಾಗದ ನೀಲಿ ಮೀನು

ತಿಂಗಳಿಗೊಮ್ಮೆ ನಮ್ಮ ಅಂಗಡಿಗೆ ಇನ್ಸುಲಿನ್ ಬರುವುದು ಥರ್ಮೋಕೋಲ್ ಡಬ್ಬದಲ್ಲಿ. ಟೇಪು ಕೊಯ್ದು ಮುಚ್ಚಳ ಎತ್ತಿದರೆ ತಣ್ಣಗೆ, ಚಪ್ಪೆಯಾಗಿ ಒಂದು ವಾಸನೆ ಬರುತ್ತದೆ. ಥರ್ಮೋಕೋಲಿಗೆ ಎಂಥ ವಾಸನೆ ಸ್ವಾಮಿ ಎಂದು ನೀವು ಕೇಳಬಹುದು. ಇದೆ. ನನ್ನ ಪಾಲಿಗಂತೂ ಇದೆ. ಅದು ಮೂಗಿಗೆ ಬಿದ್ದ ದಿನ ನಾನು ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಅದಕ್ಕೇ ನನ್ನ ಹೆಂಡತಿ ಭಾಗ್ಯ, "ಡಬ್ಬ ನಾನು ಬಿಚ್ತೀನಿ, ನೀವು ಹೋಗಿ ಒಂದು ಟೀ ಕುಡಿದು ಬನ್ನಿ" ಎನ್ನುತ್ತಾಳೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದ ಇಂಥದೇ ಒಂದು ಡಬ್ಬ ಏನು ಮಾಡಿತು ಅನ್ನುವುದು ಅವಳಿಗೂ ಗೊತ್ತು.

ನಾನು ಪಿರಿಯಾಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟವನು. ನಮ್ಮ ಸುತ್ತಮುತ್ತ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳ ಬೆಳೆಯುತ್ತಾರೆ. ಸಮುದ್ರ ನೋಡಬೇಕೆಂದರೆ ಕೊಡಗು ದಾಟಿ ಘಟ್ಟ ಇಳಿಯಬೇಕು. ಅಂಥ ಊರಿನಲ್ಲಿ ಕೂತು ಗಾಜಿನ ತೊಟ್ಟಿಯೊಳಗೆ ಸಮುದ್ರ ಸಾಕುವ ಚಟ ಹತ್ತಿಸಿಕೊಂಡೆ ಎಂದರೆ ನಗಬೇಡಿ. ಹತ್ತಿಸಿದವಳು ಹುಣಸೂರಿನ ಸರೋಜಕ್ಕ.

ಅದಕ್ಕೂ ಎರಡು ವರ್ಷ ಮುಂಚೆ ಒಂದು ದಿನ ಹುಣಸೂರಿನಲ್ಲಿ ನನಗೆ ಬಸ್ಸು ತಪ್ಪಿತ್ತು. ಮಳೆ ಹನಿಯುತ್ತಿತ್ತೆಂದು ಎದುರಿಗಿದ್ದ ಬಣ್ಣದ ಮೀನಿನ ಅಂಗಡಿಗೆ ನುಗ್ಗಿದೆ. ಮುಂದುಗಡೆ ಎಲ್ಲ ಕಡೆ ಇರುವಂಥದೇ: ಗೋಲ್ಡ್ ಫಿಶ್ಶು, ಗಪ್ಪಿ, ಬಣ್ಣದ ಕಲ್ಲು, ಮೀನಿನ ತಿಂಡಿಯ ಪ್ಯಾಕೆಟ್ಟು. ಹಿಂದಿನ ಮೂಲೆಯಲ್ಲಿ ಮಾತ್ರ ನೀಲಿ ದೀಪದ ಕೆಳಗೆ ಒಂದು ನಾಲ್ಕಡಿ ತೊಟ್ಟಿ. ಅದರೊಳಗೆ ಕಲ್ಲಿನ ತುಂಬ ಹಸಿರು, ಕಿತ್ತಳೆ ಬಣ್ಣದ ಅಂಗಿಗುಂಡಿಗಳಂಥವು ಅರಳಿ ನಿಂತಿದ್ದವು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಅವುಗಳ ಮೇಲೆ ಜೊತೆಜೊತೆಯಾಗಿ ಓಡಾಡುತ್ತಿದ್ದವು. ಗಲ್ಲಾದಲ್ಲಿದ್ದ ಹೆಂಗಸು, ಸುಮಾರು ನಲವತ್ತೈದರ ಸರೋಜಕ್ಕ, ನನ್ನ ಬೆಪ್ಪು ಮುಖ ನೋಡಿ ಎದ್ದು ಬಂದಳು.

"ಹವಳ ಕಣಣ್ಣ ಅದು" ಎಂದಳು.

"ಕೊರಳಿಗೆ ಹಾಕ್ಕೋತಾರಲ್ಲ, ಆ ಹವಳವಾ?"

"ಅದು ಕಲ್ಲಿಂದು. ಕಲ್ಲುಹವಳ ಸಾಕಂಗಿಲ್ಲ, ಕಾನೂನೈತೆ. ಇದು ಮೆತ್ತಗಿರೋ ಜಾತಿ, ಗುಂಡಿಹವಳ ಅಂತೀನಿ ನಾನು. ಉಸುರಾಡ್ತದೆ, ಉಣ್ತದೆ, ಮುಟ್ಟುದ್ರೆ ಮುದುರ್ಕತದೆ. ನಮ್ಮಂಗೇಯ."

ಆ ದಿನ ಮೂರು ಬಸ್ಸು ಬಿಟ್ಟೆ. ಸಮುದ್ರದ ನೀರು ಹುಣಸೂರಿಗೆ ಹೇಗೆ ಬರುತ್ತದೆ ಎಂದು ಕೇಳಿದ್ದಕ್ಕೆ ಅವಳು ನಕ್ಕಳು. ಮಾರುಕಟ್ಟೆಗೆ ಬಂಗುಡೆ, ಮತ್ತಿ ಮೀನು ತರುವ ಕಣ್ಣೂರಿನ ವ್ಯಾನಿನವನು ವಾರಕ್ಕೆರಡು ಕ್ಯಾನು ಸಮುದ್ರದ ನೀರನ್ನೂ ಹೇರಿಕೊಂಡು ಬರುತ್ತಿದ್ದನಂತೆ. ಉಪ್ಪಿನಂಶ ಅಳೆಯುವ ಸಲಕರಣೆ ಅವಳ ಹತ್ತಿರ ಇತ್ತು. ಆದರೂ ಮೊದಲು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ವಸಿ ಜಾಸ್ತಿಯಾಯ್ತು" ಎಂದು ಹೇಳಿ, ಆಮೇಲೆ ಅಳೆಯುತ್ತಿದ್ದಳು. ಸಲಕರಣೆ ಅವಳ ಮಾತನ್ನೇ ಹೇಳುತ್ತಿತ್ತು.

ಸರೋಜಕ್ಕನ ಕೈಗುಣ ದೊಡ್ಡದು ಎಂದು ಹುಣಸೂರಿನಲ್ಲಿ ಎಲ್ಲರೂ ಹೇಳುವವರೇ. ಅವಳ ಗಂಡ ಮಹದೇವ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನು ಅಂಗಡಿಯಲ್ಲಿ ಒಬ್ಬನೇ ಇದ್ದರೆ ಜನ ಮೀನು ಕೊಳ್ಳದೆ, "ಅಕ್ಕ ಬರ್ಲಿ ಬುಡಿ" ಎಂದು ಕಾಯುತ್ತಿದ್ದರು. ಅವಳ ಕೈಯಿಂದ ಬಂದ ಮೀನು ಬದುಕುತ್ತದೆ ಎನ್ನುವುದು ನಂಬಿಕೆ. ಮೀನು ಬಿಡಿ, ಹನಗೋಡಿನ ಕಡೆ ಹೊಗೆಸೊಪ್ಪು ಬೆಳೆಯುವ ಚಿಕ್ಕತಾಯಮ್ಮನೆಂಬ ಹೆಂಗಸು ಪ್ರತಿವರ್ಷ ಶಿವರಾತ್ರಿ ಕಳೆದ ಮೇಲೆ ಸಸಿಮಡಿಗೆ ಮೊದಲ ಬೀಜ ಹಾಕಿಸಲು ಇವಳನ್ನೇ ಕರೆಸುತ್ತಿದ್ದಳು. ಆ ದಿನ ಸರೋಜಕ್ಕ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅಂಗಡಿಗೆ ಬೀಗ ಹಾಕಿ ಹೋಗುತ್ತಿದ್ದಳು. ವಾಪಸು ಬಂದಾಗ ಮುಖದಲ್ಲಿ ಒಂದು ಗೆಲುವಿರುತ್ತಿತ್ತು.

ಕೈಗುಣ ಎಂದರೆ ಅವಳು ಮಂತ್ರ ಹಾಕುತ್ತಿದ್ದಳೆಂದಲ್ಲ. ಒಂದೇ ಒಂದು ಕಟ್ಟುನಿಟ್ಟು ಇತ್ತು. ಹೊಸದಾಗಿ ಬಂದ ಯಾವ ಸಮುದ್ರದ ಮೀನನ್ನೂ ನೇರವಾಗಿ ಗಾಜಿನ ತೊಟ್ಟಿಗೆ ಬಿಡುತ್ತಿರಲಿಲ್ಲ. ಒಳಮನೆಯಲ್ಲಿ ಒಂದು ನೀಲಿ ಟಬ್ಬು. ಮಬ್ಬು ಬೆಳಕು, ಬೆಚ್ಚಗಿನ ನೀರು, ಯಾರೂ ಹೋಗಿ ನೋಡುವಂತಿಲ್ಲ. ತಿಂಗಳೊಪ್ಪತ್ತು ಅಲ್ಲಿರಬೇಕು. ಇದಕ್ಕೆ ಅವಳು ಬಾಣಂತನ ಅನ್ನುತ್ತಿದ್ದಳು. "ಬಾಣಂತನ ಆಗ್ದೆ ನಾನು ಗಾಜಿಗೆ ಬುಡಾಕಿಲ್ಲ ಕಣಣ್ಣ. ಎಲ್ಲೆಲ್ಲಿಂದ ಏನೇನು ಮೈಗಂಟಿಸ್ಕೊಂಡು ಬಂದಿರ್ತವೋ, ಕಂಡೋರ್ಯಾರು?"

ಅವಳು ಕೊಟ್ಟ ಒಂದು ಜೋಡಿ ಕಿತ್ತಳೆ ಮೀನು, ಒಂದು ಅಂಗೈಯಗಲದ ಗುಂಡಿಹವಳದ ಕಲ್ಲು ಇಟ್ಟುಕೊಂಡು ನಮ್ಮ ಮನೆಯ ನಡುಮನೆಯಲ್ಲಿ ನನ್ನ ಸಮುದ್ರ ಶುರುವಾಯಿತು. ಭಾನುವಾರ ಬಂದರೆ ಹುಣಸೂರು. ನೀರು ತರುವುದು ಒಂದು ನೆಪ. ಅಲ್ಲಿ ಸ್ಟೂಲಿನ ಮೇಲೆ ಕೂತು ಭಾಷಣ ಬಿಗಿಯುವುದು ನನ್ನ ನಿಜವಾದ ಕೆಲಸ. ಆಗ ಜನ ಮಾತ್ರೆಯನ್ನೂ ಆನ್‌ಲೈನಿನಲ್ಲಿ ತರಿಸಲು ಶುರುಮಾಡಿದ್ದರು. ನನ್ನ ಹತ್ತಿರ ಬಂದು, ಚೀಟಿ ತೋರಿಸಿ, ಯಾವುದು ಊಟಕ್ಕೆ ಮುಂಚೆ ಯಾವುದು ಆಮೇಲೆ ಎಂದೆಲ್ಲ ಕೇಳಿಕೊಂಡು ಹೋಗಿ ಮೊಬೈಲಿನಲ್ಲಿ ಆರ್ಡರ್ ಮಾಡುವವರು. "ಬಾಯಿ ನಮ್ಮದು, ದುಡ್ಡು ಅವರದಾ? ಅಂಗಡಿಯೋರು ಅಂಗಡಿಯೋರನ್ನ ಉಳಿಸಿಕೊಳ್ಳದೆ ಹೋದರೆ ನಾಳೆ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತೆ ಸರೋಜಕ್ಕ" ಎಂದು ನಾನು ಕೂಗಾಡುತ್ತಿದ್ದೆ. ಅವಳು ಗಾಜು ಒರೆಸುತ್ತ, "ಊ ಕಣಣ್ಣ" ಎನ್ನುತ್ತಿದ್ದಳು.

ಆದರೂ ದೀಪ, ಪಂಪು, ನೀರು ಪರೀಕ್ಷೆ ಮಾಡುವ ಸಾಮಾನು ಎಲ್ಲ ನಾನು ಆನ್‌ಲೈನಿನಲ್ಲೇ ತರಿಸಿದ್ದೆ. ಅವು ಹುಣಸೂರಿನಲ್ಲಿ ಸಿಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಅವಳೇ ನನ್ನ ಕೈಲಿ ಒಂದು ಪಂಪು ತರಿಸಿಕೊಂಡಿದ್ದಳು. ಸಾಮಾನಿನ ವಿಷಯದಲ್ಲಿ ಈಗಲೂ ನನಗೆ ತಕರಾರಿಲ್ಲ. ಪಂಪಿಗೆ ರೋಗ ಬರುವುದಿಲ್ಲವಲ್ಲ.

ಮೂರು ವರ್ಷದ ಹಿಂದೆ, ಜೂನಿನಲ್ಲಿ, ನನಗೆ ಒಂದು ನೀಲಿ ಮೀನಿನ ಹುಚ್ಚು ಹಿಡಿಯಿತು. ಹೆಬ್ಬೆರಳಿನಷ್ಟು ಗಾತ್ರ, ಬಾಲ ಮಾತ್ರ ಹಳದಿ. ಮೊಬೈಲಿನಲ್ಲಿ ದಿನಾ ನೋಡುತ್ತಿದ್ದೆ. ಸರೋಜಕ್ಕನನ್ನು ಕೇಳಿದರೆ, "ಜಗಳಗಂಟ ಅದು, ಬ್ಯಾಡ. ಬೇಕೇ ಬೇಕು ಅಂದ್ರೆ ತರುಸ್ತೀನಿ. ಬಾಣಂತನ ಮುಗಿಯೋಗಂಟ ನೀವು ಕೇಳಂಗಿಲ್ಲ" ಎಂದಳು. ಮೀನು ಬರಲು ಎರಡು ವಾರ, ಆಮೇಲೆ ಒಂದು ತಿಂಗಳು. ನನಗೆ ತಾಳ್ಮೆ ಎಲ್ಲಿಂದ ಬರಬೇಕು. ಅವತ್ತೇ ಬಸ್ಸಿನಲ್ಲಿ ಕೂತು ಆರ್ಡರ್ ಮಾಡಿದೆ.

ಮೂರನೆಯ ದಿನ ಥರ್ಮೋಕೋಲ್ ಡಬ್ಬ ಬಂತು. ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೂ ವಿಡಿಯೊ ಮಾಡಬೇಕು, ಮೀನು ಸತ್ತಿದ್ದರೆ ಆ ವಿಡಿಯೊ ಕಳಿಸಿದರೆ ದುಡ್ಡು ವಾಪಸು ಎಂದು ನಿಯಮ. ಭಾಗ್ಯ ಮೊಬೈಲು ಹಿಡಿದು ನಿಂತಳು, ನಾನು ಟೇಪು ಕೊಯ್ದೆ. "ಸರೋಜಕ್ಕಂಗೆ ಗೊತ್ತಾದ್ರೆ?" ಎಂದು ಅವಳು ಕೇಳಿದಳು. ನಾನು ಏನೋ ಒಂದು ಹೇಳಿದೆ. ಮೀನು ಜೀವಂತವಾಗಿತ್ತು, ಚುರುಕಾಗಿತ್ತು, ಫೋಟೊದಲ್ಲಿದ್ದುದಕ್ಕಿಂತ ಚೆಂದ ಇತ್ತು. ಕಳಿಸಿದವರ ತಪ್ಪು ಏನೂ ಇಲ್ಲ. ಹೊಸ ಮೀನನ್ನು ನಾಲ್ಕು ವಾರ ಬೇರೆಯಾಗಿ ಇಡಿ ಎಂದು ಡಬ್ಬದಲ್ಲಿ ಒಂದು ಚೀಟಿಯನ್ನೂ ಹಾಕಿದ್ದರು. ಮಾತ್ರೆಯ ಡಬ್ಬದೊಳಗಿನ ಚೀಟಿ ಓದಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು ಅದನ್ನು ಓದಲಿಲ್ಲ. ಸೀದಾ ತೊಟ್ಟಿಗೆ ಬಿಟ್ಟೆ, ಮೊಬೈಲಿನಲ್ಲಿ ಐದು ನಕ್ಷತ್ರ ಒತ್ತಿದೆ.

ಅದಾಗಿ ಎಂಟು ದಿನಕ್ಕೆ ಆಷಾಢದ ಗಾಳಿ ಎದ್ದಿತು. ಕೊಡಗಿನ ಕಡೆಯಿಂದ ಮೋಡ ನುಗ್ಗಿ ಬಂದು ಎರಡು ದಿನ ಬಿಡದೆ ಸುರಿಯಿತು. ಲೈನಿನ ಮೇಲೆ ಮರ ಬಿದ್ದು ಪಿರಿಯಾಪಟ್ಟಣಕ್ಕೆ ಕರೆಂಟಿಲ್ಲ. ಪಂಪು ನಿಂತರೆ ಸಮುದ್ರದ ತೊಟ್ಟಿ ಹೆಚ್ಚು ಹೊತ್ತು ತಡೆಯುವುದಿಲ್ಲ. ಸರೋಜಕ್ಕನ ಅಂಗಡಿಯಲ್ಲಿ ದೊಡ್ಡ ಇನ್ವರ್ಟರ್ ಇತ್ತು. ಮೂರು ಮೀನನ್ನೂ ಒಂದು ಮುಚ್ಚಳದ ಬಕೆಟ್ಟಿಗೆ ಹಾಕಿ ಆಟೋ ಮಾಡಿಕೊಂಡು ಹುಣಸೂರಿಗೆ ಹೊರಟೆ. ಹಿಂದಿನ ದಿನ ಕಿತ್ತಳೆ ಮೀನೊಂದು ಕಲ್ಲಿಗೆ ಮೈ ಉಜ್ಜುವುದನ್ನು, ರೋಗದ ಮೊದಲ ಗುರುತನ್ನು, ನೋಡಿದ್ದೆ. ನೋಡಿಯೂ ನೋಡದವನಂತೆ ಇದ್ದೆ, ಈಗ ಒಪ್ಪಿಕೊಳ್ಳುತ್ತೇನೆ.

ಅವಳು ಬಕೆಟ್ಟಿನ ಮುಚ್ಚಳ ತೆಗೆದು ನೋಡಿದಳು. "ಇವೆರಡು ನನ್ನವು. ಈ ನೀಲಿ ಎಲ್ಲಿಂದು?"

ಕೇಳಿದ್ದು ಅಷ್ಟೇ. ಆನ್‌ಲೈನು ಎಂದಿದ್ದರೆ ಏನಾಗುತ್ತಿತ್ತು? ಎರಡು ಮಾತು ಆಡಿ, ಮೂರನ್ನೂ ಒಯ್ದು ಒಳಮನೆಯ ಟಬ್ಬಿಗೆ ಬಿಡುತ್ತಿದ್ದಳು. ಆದರೆ ಆ ಸ್ಟೂಲಿನ ಮೇಲೆ ಕೂತು ನಾನು ಮಾಡಿದ ಭಾಷಣಗಳೆಲ್ಲ ನೆನಪಾದವು. "ಮೈಸೂರಿನ ನನ್ನ ಸ್ನೇಹಿತನದು. ಎರಡು ವರ್ಷದಿಂದ ಅವನ ತೊಟ್ಟಿಯಲ್ಲೇ ಇತ್ತು, ಮೊನ್ನೆ ನನಗೆ ಕೊಟ್ಟ" ಎಂದೆ.

"ಎರಡು ವರ್ಷ ಇತ್ತಾ? ಅಂಗಾದ್ರೆ ಬುಡಿ, ಹಳೇ ಮೀನೇಯ" ಎಂದು ಅವಳು ಮೂರನ್ನೂ ತನ್ನ ದೊಡ್ಡ ತೊಟ್ಟಿಗೇ ಬಿಟ್ಟಳು.

ನಮ್ಮೂರಿಗೆ ಕರೆಂಟು ಬಂತು. ಅಂಗಡಿಯ ಕೆಲಸದಲ್ಲಿ ನನಗೆ ಹುಣಸೂರಿಗೆ ಹೋಗಲು ಆರು ದಿನ ಆಯಿತು. ಹೋದಾಗ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಆ ತೊಟ್ಟಿಯಲ್ಲಿ ಗುಂಡಿಹವಳ ಎಂದಿನಂತೆ ಅರಳಿ ನಿಂತಿತ್ತು. ಕಿತ್ತಳೆ ಮೀನಿಲ್ಲ. ಆರು ವರ್ಷದಿಂದ ಇದ್ದ ಅವಳ ಜೋಡಿ, ಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಟ್ಟು ಬಾಲದಲ್ಲಿ ಗಾಳಿ ಹಾಕುತ್ತಿದ್ದ ಆ ಜೋಡಿ, ನನಗೆ ಕೊಟ್ಟಿದ್ದ ಇನ್ನೊಂದು ಜೋಡಿ, ಎಲ್ಲ ಹೋಗಿದ್ದವು. ಮೈಮೇಲೆ ಅರಿಶಿನದ ಪುಡಿ ಉದುರಿಸಿದಂತೆ ಕಾಣಿಸಿತಂತೆ, ಉಸಿರು ಜೋರಾಯಿತಂತೆ, ಮೂರೇ ದಿನ.

ನೀಲಿ ಮೀನು ಮಾತ್ರ ಒಂದು ಮೂಲೆಯಲ್ಲಿ ಚುರುಕಾಗಿ ಈಜುತ್ತಿತ್ತು. ಕೆಲವು ಮೀನು ರೋಗವನ್ನು ಹೊತ್ತು ತರುತ್ತವೆ, ತಾವು ಸಾಯುವುದಿಲ್ಲ. ಮನೆಗೆ ಬಂದು ಓದಿಕೊಂಡ ಮೇಲೆ ಅದು ನನಗೆ ಖಾತ್ರಿಯಾಯಿತು. ಸರೋಜಕ್ಕ ಅದನ್ನು ಹಿಡಿದು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟಳು. "ನಂಬಿ ಬುಟ್ಟು ಓಗಿದ್ರಿ. ನಿಮ್ಮ ಜೋಡೀನೂ ಉಳುಸ್ಕೊಳಾಕಾಗ್ನಿಲ್ಲ. ಇದೊಂದಾದ್ರೂ ಉಳೀತಲ್ಲ, ಪುಣ್ಯ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ನಾನು ಕವರು ತೆಗೆದುಕೊಂಡು ಬಸ್ಸು ಹತ್ತಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಮೇಲಿನದು ನಾನು ನಿರೀಕ್ಷಿಸಿರಲಿಲ್ಲ. ಅವಳು ನೀರನ್ನು ದೂರಲಿಲ್ಲ, ವ್ಯಾನಿನವನನ್ನು ದೂರಲಿಲ್ಲ, ನನ್ನ ಮೀನನ್ನಂತೂ ಅನುಮಾನಿಸಲೇ ಇಲ್ಲ. ತನ್ನ ಕೈಯನ್ನು ಅನುಮಾನಿಸಿದಳು. ಕೈಗುಣ ಹೋಯಿತು ಎಂದು ಅವಳೇ ಒಂದಿಬ್ಬರ ಹತ್ತಿರ ಅಂದಳು, ಅವರು ನಾಲ್ಕು ಜನಕ್ಕೆ ಹೇಳಿದರು. ಗೌರಿ ಹಬ್ಬದ ಹೊತ್ತಿಗೆ ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರಿಗೆ ಮೀನು ಹಿಡಿದು ಕೊಡುವುದು ಮಹದೇವ. ಅವಳು ಗಲ್ಲಾದಲ್ಲಿ ಕೈ ಕಟ್ಟಿ ಕೂತಿರುತ್ತಿದ್ದಳು. ಜನ ಈಗ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ ಅಕ್ಕ, ಅದಕ್ಕೇ ವ್ಯಾಪಾರ ಇಲ್ಲ ಎಂದು ನಾನು ಸಮಾಧಾನ ಹೇಳಿದೆ. ಅದನ್ನು ಹೇಳಲು ಎಷ್ಟು ಸೊಕ್ಕಿರಬೇಕು ನನಗೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಪಿರಿಯಾಪಟ್ಟಣಕ್ಕೆ, ನನ್ನ ಅಂಗಡಿಗೇ ಬಂದಳು. ಗಿರಾಕಿಗಳು ಹೋಗುವ ತನಕ ಪಕ್ಕಕ್ಕೆ ನಿಂತಿದ್ದು, ಆಮೇಲೆ ಎರಡೂ ಕೈ ಕೌಂಟರಿನ ಮೇಲೆ ಚಾಚಿದಳು. ಅಂಗೈ ಬಿರಿದಿತ್ತು, ಬೆರಳ ಸಂದಿ ಕೆಂಪಗೆ ಹುಣ್ಣಾಗಿತ್ತು.

"ದಿನಾ ತೊಳೀತೀನಿ ಅಣ್ಣ. ನಿಂಬೆಹುಳಿ, ಸೋಡ, ಎಲ್ಲ ಹಾಕಿ ಉಜ್ತೀನಿ. ಕೈಯಾಗೇ ಏನೋ ಸೇರ್ಕಂಡದೆ ಅನುಸ್ತದೆ. ಏನಾರ ಮುಲಾಮು ಕೊಡಿ."

ಅವತ್ತು ಹೇಳಬೇಕಿತ್ತು. ಎದುರಿಗೇ ಇದ್ದಳು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಮುಲಾಮು ತೆಗೆದುಕೊಟ್ಟು, ಹೇಗೆ ಹಚ್ಚಬೇಕು ಎಂದು ವಿವರಿಸಿದೆ. "ಇಷ್ಟು ಸೋಪು ಹಾಕಬೇಡಿ" ಎಂದೆ. ಅವಳು ಹೋದ ಮೇಲೆ ಒಳಗಿನಿಂದ ಭಾಗ್ಯ ಬಂದು ನನ್ನ ಮುಖವನ್ನೇ ನೋಡಿದಳು. "ನೀವು ಇಷ್ಟು ಕಲ್ಲುಮನಸ್ಸಿನವರು ಅಂತ ನನಗೆ ಗೊತ್ತಿರಲಿಲ್ಲ ಕಣ್ರೀ" ಎಂದಳು.

ಶಿವರಾತ್ರಿ ಕಳೆಯಿತು. ಒಂದು ಭಾನುವಾರ ಹುಣಸೂರಿಗೆ ಹೋದರೆ ಮಹದೇವ ಅಂಗಡಿಯ ಮುಂದೆ ಖಾಲಿ ತೊಟ್ಟಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ. "ಯಾರಾದ್ರೂ ತಕ್ಕಳೋರಿದ್ರೆ ಏಳಿ ಅಣ್ಣ. ಮೀನು ಸಾಕು, ಮೊಬೈಲ್ ಕವರ್ ಮಡಗಾನ ಅಂತವ್ಳೆ" ಎಂದ. ಆಮೇಲೆ ದನಿ ತಗ್ಗಿಸಿ, "ಮೊನ್ನೆ ಚಿಕ್ಕತಾಯಮ್ಮ ಬೀಜ ಹಾಕ್ಸುದ್ಲಂತೆ. ಇವಳ್ನ ಕರೀನಿಲ್ಲ. ಸೀರೆ ಉಟ್ಕೊಂಡು ಕಾಯ್ತಾ ಕುಂತಿದ್ಲು, ಮಧ್ಯಾನ್ನದ ಗಂಟ" ಎಂದ.

ನನಗೆ ಆ ಮಾತು ತಡೆಯಲಾಗಲಿಲ್ಲ. ಒಳಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಮೈಸೂರಿನ ಸ್ನೇಹಿತ ಎನ್ನುವವನು ಇಲ್ಲವೇ ಇಲ್ಲ. ನೀಲಿ ಮೀನು ಆನ್‌ಲೈನಿನಲ್ಲಿ ಬಂದದ್ದು. ಅದೇ ರೋಗ ತಂದದ್ದು. ನಿಮ್ಮ ಕೈಯಲ್ಲಿ ಏನೂ ಇಲ್ಲ ಸರೋಜಕ್ಕ.

ಅವಳು ಕೇಳಿಸಿಕೊಂಡು, ಮೆಲ್ಲಗೆ ನಕ್ಕಳು. "ನಂಗೆ ಸಮಾಧಾನ ಆಗ್ಲಿ ಅಂತ ಏಳ್ತಿದ್ದೀರ. ಒಳ್ಳೇರು ನೀವು. ಬುಡಿ ಅಣ್ಣ."

ನಿಜ ಕಣಕ್ಕ ಎಂದೆ. ಆಣೆ ಇಟ್ಟೆ. ನಂಬಲಿಲ್ಲ. ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಈಗ ನಿಜ ಹೇಳಿದರೆ ಅದು ಕರುಣೆಯ ಮಾತಾಗಿಬಿಟ್ಟಿತ್ತು. ನನಗೆ ಆ ವಿಡಿಯೊ ನೆನಪಾಯಿತು. ಮೊಬೈಲಿನಲ್ಲಿ ಹುಡುಕಿ, ಅವಳ ಮುಂದೆ ಹಿಡಿದು ಒತ್ತಿದೆ. ಟೇಪು ಕೊಯ್ಯುವ ನನ್ನ ಕೈ, ಥರ್ಮೋಕೋಲ್ ಡಬ್ಬ, ಕವರಿನೊಳಗೆ ನೀಲಿ ಮೀನು. "ಸರೋಜಕ್ಕಂಗೆ ಗೊತ್ತಾದ್ರೆ?" ಎಂಬ ಭಾಗ್ಯಳ ದನಿ. ಅದರ ಹಿಂದೆಯೇ, ನಾನು ಮರೆತೇಬಿಟ್ಟಿದ್ದ ನನ್ನ ದನಿ: "ಆಯಮ್ಮಂಗೇನು ಗೊತ್ತಾಯ್ತದೆ ಬುಡು. ಮೀನು ಮಾರೋಳು, ಸೈಂಟಿಸ್ಟಾ?" ಆಮೇಲೆ ನನ್ನ ನಗು.

ಸರೋಜಕ್ಕ ಇನ್ನೊಂದು ಸಲ ಹಾಕಲು ಹೇಳಿದಳು. ಹಾಕಿದೆ. ಎರಡನೆಯ ಸಲ ಅವಳು ಮೊಬೈಲು ನೋಡಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

"ಇದ ನಂಗೆ ಒಬ್ಬಳಿಗೆ ಏಳುದ್ರೆ ಆಗಾಕಿಲ್ಲ" ಎಂದಳು ಕೊನೆಗೆ. "ಚಿಕ್ಕತಾಯಮ್ಮಂಗೆ ಏಳಿ. ಈ ಬೀದಿಯೋರಿಗೆ ಏಳಿ."

ಹೇಳಿದೆ. ಬೀದಿಯಲ್ಲಿ ಹೇಳುವಾಗ ಜನ ನಕ್ಕರು. ಹನಗೋಡಿನ ಕಡೆ ಹೋಗಿ ಚಿಕ್ಕತಾಯಮ್ಮನ ಸಸಿಮಡಿಯ ಬದುವಿನ ಮೇಲೆ ನಿಂತು, ನಾಲ್ಕು ಹೆಂಗಸರ ಎದುರು ವಿಡಿಯೊ ಸಮೇತ ಹೇಳಿದೆ. ಚಿಕ್ಕತಾಯಮ್ಮ ಎಲೆಯಡಿಕೆ ಅಗಿಯುತ್ತ ಎಲ್ಲ ಕೇಳಿ, "ಅಂಗಾದ್ರೆ ನಿಮ್ಮಂಗಡಿ ಔಸ್ದಿ ನಂಬಾದು ಎಂಗಪ್ಪ?" ಎಂದಳು. ವಾರ ಕಳೆದು ಎರಡನೆಯ ಮಡಿಗೆ ಬೀಜ ಹಾಕುವಾಗ ಅವಳು ಸರೋಜಕ್ಕನಿಗೆ ಹೇಳಿ ಕಳಿಸಿದಳು. ಆ ಮಡಿ ಹೇಗೆ ಮೊಳೆಯಿತು ಎಂದು ನಾನು ವಿಚಾರಿಸಲಿಲ್ಲ, ಧೈರ್ಯ ಬರಲಿಲ್ಲ. ಆದರೆ ಮರುವರ್ಷವೂ ಕರೆದಳು ಎನ್ನುವುದು ಮಹದೇವನಿಂದ ತಿಳಿಯಿತು. ಮೊಬೈಲ್ ಕವರಿನ ಮಾತು ಆಮೇಲೆ ಬರಲಿಲ್ಲ. ನಾನು ನಿಜ ಹೇಳಿದ ವರ್ಷದ ಮಳೆಗಾಲದ ಹೊತ್ತಿಗೇ ಮೂಲೆಯ ತೊಟ್ಟಿಯಲ್ಲಿ ಹೊಸ ಜೋಡಿಗಳು ಬಂದವು, ಬಾಣಂತನ ಮುಗಿಸಿಕೊಂಡು.

ನನ್ನ ತೊಟ್ಟಿಯಲ್ಲಿ ಹವಳದ ಕಲ್ಲು ಬಿಟ್ಟರೆ ಮೀನಿರಲಿಲ್ಲ. ನೀಲಿ ಮೀನನ್ನು ಅಷ್ಟರೊಳಗೆ ಮೈಸೂರಿನ ಒಬ್ಬರಿಗೆ, ಎಲ್ಲ ವಿಷಯ ಹೇಳಿಯೇ, ಕೊಟ್ಟುಬಿಟ್ಟಿದ್ದೆ. ಒಂದು ಭಾನುವಾರ ಧೈರ್ಯ ಮಾಡಿ, "ಒಂದು ಜೋಡಿ ಬೇಕಿತ್ತು ಸರೋಜಕ್ಕ" ಎಂದೆ.

"ತಕ್ಕಳಿ ಅಣ್ಣ, ಅದಕ್ಕೇನಂತೆ" ಎಂದಳು. ಭಾಗ್ಯ ಹೇಗಿದ್ದಾಳೆ ಎಂದು ಕೇಳಿದಳು, ಮಹದೇವನಿಗೆ ಟೀ ತರಲು ಹೇಳಿದಳು. ನನ್ನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಅವಳಿಗೆ ಸರೋಜಕ್ಕ ತಾನೇ ನಾಲ್ಕು ಗಪ್ಪಿ ಹಿಡಿದು, ಕವರು ಕಟ್ಟಿ, ಒಂದು ಕ್ಷಣ ಅಂಗೈಯಲ್ಲಿ ಇಟ್ಟುಕೊಂಡು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಬಲೆಯ ಹಿಡಿಯನ್ನು ನನಗೇ ಚಾಚಿದಳು.

"ನೀವೇ ಇಡ್ಕಳಿ."

ತಮಾಷೆ ಅಂದುಕೊಂಡೆ. ಅವಳು ನಗುತ್ತಿರಲಿಲ್ಲ. "ಇನ್ನೂ ಸಿಟ್ಟಾ ಅಕ್ಕ?" ಎಂದೆ.

"ಸಿಟ್ಟಲ್ಲ ಕಣಣ್ಣ. ನಾಳೆ ಸತ್ರೆ ಯಾಕೆ ಸತ್ತೋ ಅಂತ ನೀವು ನಿಜ ಏಳಾಕಿಲ್ಲ. ನನ್ನ ಕೈಯ ನಾನೇ ನೋಡ್ಕಬೇಕಲ್ವಾ."

ಟೀ ಬಂತು. ಅದನ್ನು ಪಕ್ಕಕ್ಕಿಟ್ಟು ನಾನು ಬಲೆಯನ್ನು ನೀರಿಗೆ ಇಳಿಸಿದೆ. ಮೀನು ತಪ್ಪಿಸಿಕೊಂಡು ಕಲ್ಲಿನ ಹಿಂದೆ ಹೋದವು. ಅವಳು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ನೋಡುತ್ತ ನಿಂತಿದ್ದಳು.